ಗೇಮಿಗೆ ಎಷ್ಟು ಕೋಟಿ ಹಾಕ್ಯಾರ? ನಮ್ಮ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಗೇಮಿಂಗ್ ಸೆಂಟರ್ ಇದೆ. ಆರು ಪಿಸಿ, ಎರಡು ಕನ್ಸೋಲ್, ಒಂದು ಯುಪಿಎಸ್, ಗೋಡೆಗೆ ಎರಡು ಫ್ಯಾನ್. ಮೊದಲು ಇದೇ ಜಾಗದಲ್ಲಿ ಜೆರಾಕ್ಸ್ ಮತ್ತು ಸೈಬರ್ ಸೆಂಟರ್ ನಡೆಸುತ್ತಿದ್ದೆ. ರಿಸಲ್ಟ್ ನೋಡಲು, ಪಹಣಿ ತೆಗೆಸಲು ಬರುತ್ತಿದ್ದವರೆಲ್ಲ ಫೋನಿನಲ್ಲೇ ಮಾಡಿಕೊಳ್ಳಲು ಶುರು ಮಾಡಿದ ಮೇಲೆ ಗೇಮಿನ ಕಡೆ ಹೊರಳಿದೆ. ಗಂಟೆಗೆ 50 ರೂಪಾಯಿ. ಯಾವ ಸಿನಿಮಾಕ್ಕೆ ಎಷ್ಟು ಕೋಟಿ ಸುರಿದರು ಎಂದು ಚಹಾದಂಗಡಿಯಲ್ಲಿ ಜಗಳ ಆಡುವ ಊರು ನಮ್ಮದು. ಆ ಜಗಳ ಈಗ ಗೇಮಿಗೂ ಬಂದಿದೆ. ದಿನಾ ಅದದೇ ಉತ್ತರ ಹೇಳಿ ಬೇಸತ್ತು ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

ಅಣ್ಣಾ, ಹೆಚ್ಚು ರೊಕ್ಕ ಹಾಕಿ ಮಾಡಿದ ಗೇಮ್ ಹೆಚ್ಚು ಮಜಾ ಇರತೈತಿ, ಹೌದಲ್ಲ?

ಮೊದಲನೇ ದಿನ ಹೌದು. ಮೂರನೇ ವಾರಕ್ಕೆ ಹೇಳಲು ಬರುವುದಿಲ್ಲ.

ನನ್ನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಯಾರು ಯಾವ ಸಿಸ್ಟಮ್ಮಿಗೆ ಕೂತರು, ಎಷ್ಟು ಹೊತ್ತಿಗೆ ಎದ್ದರು ಎಂದು ಲೆಕ್ಕಕ್ಕೆ ಬರೆಯುವುದು. ಜೊತೆಗೆ ಯಾವ ಗೇಮ್ ಆಡಿದರು ಎಂದೂ ಬರೆಯುವ ಚಟ ಹತ್ತಿತು. ಹೊಸ ದೊಡ್ಡ ಗೇಮ್ ಹಾಕಿದ ವಾರ ಪುಟದ ತುಂಬ ಅದೇ ಹೆಸರು. ಎಲ್ಲರೂ ಟ್ರೇಲರ್ ನೋಡಿಯೇ ಬಂದವರು. ಮೂರು ವಾರದ ನಂತರದ ಪುಟ ತೆಗೆದರೆ ಮತ್ತೆ ಫುಟ್‌ಬಾಲ್, ಮೈನ್‌ಕ್ರಾಫ್ಟ್, ಜಿಟಿಎ, ನಡುವೆ ಯಾರೋ ಒಬ್ಬನೇ ಕೂತು ಮಾಡಿದ ಒಂದೆರಡು ಸಣ್ಣ ಗೇಮ್. ಉಳಿದವುಗಳಲ್ಲಿ ಸಾವಿರ ಕೋಟಿಯದೂ ಇದೆ, ಸೊನ್ನೆ ಕೋಟಿಯದೂ ಇದೆ. ಅಂದರೆ ರೊಕ್ಕ ನೋಡಿ ಯಾವುದು ಉಳಿಯುತ್ತದೆ ಎಂದು ಮುಂಚೆಯೇ ಹೇಳಲು ನನಗಂತೂ ಇಷ್ಟು ವರ್ಷದಲ್ಲಿ ಆಗಿಲ್ಲ.

ಅಷ್ಟು ರೊಕ್ಕ ಎಲ್ಲಿ ಹೋಗತೈತಿ? ಅವರೇನು ಸೆಟ್ ಹಾಕ್ತಾರೇನು?

ಸಂಬಳಕ್ಕೆ ಹೋಗುತ್ತದೆ. ಬಹುಪಾಲು ಸಂಬಳಕ್ಕೇ.

ಕಂಪನಿಗಳು ಖರ್ಚಿನ ಲೆಕ್ಕ ಹೊರಗೆ ಬಿಡುವುದಿಲ್ಲ. ಆದರೆ 2023ರಲ್ಲಿ ಮೈಕ್ರೋಸಾಫ್ಟ್ ಒಂದು ದೊಡ್ಡ ಗೇಮ್ ಕಂಪನಿ ಕೊಳ್ಳುವ ಬಗ್ಗೆ ಅಮೆರಿಕದ ಕೋರ್ಟಿನಲ್ಲಿ ಕೇಸು ನಡೆದಾಗ, ಪ್ಲೇಸ್ಟೇಷನ್ ಮಾಡುವ ಸೋನಿ ಕೊಟ್ಟ ಕಾಗದಗಳಲ್ಲಿ ಅಂಕಿಗಳ ಮೇಲೆ ಕಪ್ಪು ಮಾರ್ಕರ್ ಎಳೆದಿದ್ದರು. ಸ್ಕ್ಯಾನ್ ಮಾಡಿದಾಗ ಮಸಿಯ ಕೆಳಗಿನ ಅಂಕಿ ಕಾಣಿಸಿಬಿಟ್ಟಿತು. ಜೆರಾಕ್ಸ್ ಅಂಗಡಿ ನಡೆಸಿದವನಾಗಿ ನನಗೆ ಇದು ಬಹಳ ಖುಷಿ ಕೊಟ್ಟ ಸುದ್ದಿ. ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ಕ್ಕೆ 22 ಕೋಟಿ ಡಾಲರ್, ‘ಹೊರೈಜನ್ ಫರ್ಬಿಡನ್ ವೆಸ್ಟ್’ಗೆ 21.2 ಕೋಟಿ ಡಾಲರ್. ಮೊದಲನೆಯದು ಆಗಿನ ನಮ್ಮ ರೂಪಾಯಿಯಲ್ಲಿ ಸುಮಾರು 1,800 ಕೋಟಿ. ನೂರಾರು ಜನ, ವರ್ಷಗಟ್ಟಲೆ ಕೆಲಸ, ಎಲ್ಲರಿಗೂ ತಿಂಗಳ ಸಂಬಳ. ಗುಣಿಸಿ ನೋಡಿದರೆ ಅಂಕಿ ಅಷ್ಟಾಗಲೇಬೇಕು.

2024ರ ಕೊನೆಗೆ ಸಲ್ಲಿಸಿದ ಇನ್ನೊಂದು ಕೋರ್ಟ್ ಕಾಗದದಿಂದ ‘ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ ಕೋಲ್ಡ್ ವಾರ್’ಗೆ 70 ಕೋಟಿ ಡಾಲರ್ ದಾಟಿದೆ ಎಂದು ಗೊತ್ತಾಯಿತು. ಅದರಲ್ಲಿ ಬಿಡುಗಡೆಯಾದ ಮೇಲೆ ಮಾಡಿದ ಖರ್ಚೂ ಸೇರಿದೆ. ಇನ್ನು ಜಾಹೀರಾತಿನ ರೊಕ್ಕ ಬೇರೆಯೇ. ಅದು ಆಟದೊಳಗೆ ಒಂದು ಹುಲ್ಲುಕಡ್ಡಿಯಾಗಿಯೂ ಕಾಣುವುದಿಲ್ಲ. ಹಾಗಾಗಿ ‘ಇಷ್ಟು ಕೋಟಿ’ ಎಂದು ಯಾರಾದರೂ ಎದೆ ತಟ್ಟಿಕೊಂಡರೆ ಅದರಲ್ಲಿ ಹೋರ್ಡಿಂಗಿನ ಪಾಲು ಎಷ್ಟು ಎಂದು ಕೇಳಬೇಕು.

ರೊಕ್ಕ ಇಲ್ದ ಮಾಡಿ ಗೆದ್ದಾರ ಅಂತೀರಿ. ಯಾರು?

ಮೊದಲು ನಮ್ಮೂರಿಗೆ ಹತ್ತಿರದ್ದನ್ನೇ ಹೇಳುತ್ತೇನೆ, ‘ಸ್ಟಾರ್‌ಡ್ಯೂ ವ್ಯಾಲಿ’. ಹೊಲ ಮಾಡುವ ಆಟ. ಅಜ್ಜನ ಹೊಲ ಸಿಗುತ್ತದೆ, ಕಲ್ಲು ಕಸ ತೆಗೆದು, ಬೀಜ ಹಾಕಿ, ನೀರು ಹಾಕಿ, ಬೆಳೆ ಮಾರಬೇಕು. ಎರಿಕ್ ಬ್ಯಾರೋನ್ ಎಂಬ ಒಬ್ಬನೇ ಮನುಷ್ಯ ಚಿತ್ರ, ಸಂಗೀತ, ಕೋಡ್, ಮಾತು ಎಲ್ಲವನ್ನೂ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಮಾಡಿದ. ಹೊಟ್ಟೆಪಾಡಿಗೆ ಸಿಯಾಟಲ್‌ನ ಒಂದು ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸ ಮಾಡುತ್ತಿದ್ದ. 2016ರ ಫೆಬ್ರವರಿಯಲ್ಲಿ ಬಿಟ್ಟ ಗೇಮ್ 2024 ಮುಗಿಯುವ ಹೊತ್ತಿಗೆ 4 ಕೋಟಿ ಪ್ರತಿ ದಾಟಿತ್ತು.

ನಮ್ಮಲ್ಲಿ ಇದನ್ನು ಬಿಡದೆ ಆಡುವವನು ಎಡದಂಡೆ ಕಾಲುವೆಯ ಮೇಲೆ ಗದ್ದೆ ಇರುವ ಮನೆಯ ಹುಡುಗ. ಒಂದು ಸಂಜೆ ಅವರಪ್ಪ ಹುಡುಕಿಕೊಂಡು ಬಂದರು. ಮಗನ ಹಿಂದೆ ನಿಂತು ಐದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಏನ್ರೀ ಇದು, ಮನ್ಯಾಗ ಗದ್ದಿಗೆ ನೀರು ತಿರುವಿ ಬಾ ಅಂದ್ರ ಕಾಲು ನೋವು ಅಂತಾನ. ಇಲ್ಲಿ ಗಂಟೆಗೆ ಐವತ್ತು ಕೊಟ್ಟು ಒಂದೊಂದು ಗಿಡಕ್ಕ ಝಾರಿ ಹಿಡದು ನೀರು ಹಾಕಾಕತ್ತಾನ!” ಎಂದರು. ಅಂಗಡಿಯೆಲ್ಲ ನಕ್ಕಿತು. ಹುಡುಗ ಮಾತ್ರ ಎದ್ದೇಳಲಿಲ್ಲ, ಕುಂಬಳಕಾಯಿ ಕೊಯ್ಲಿಗೆ ಒಂದೇ ದಿನ ಬಾಕಿ ಇತ್ತು.

ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗ ಅರ್ಧ ಇದೆ. ಮನೆಯ ಗದ್ದೆಯಲ್ಲಿ ನೀರು ಹಾಕಿದ್ದು ಫಲ ಕೊಡುತ್ತದೋ ಇಲ್ಲವೋ ಎಂದು ಗೊತ್ತಾಗಲು ನಾಲ್ಕು ತಿಂಗಳು ಬೇಕು. ನಡುವೆ ಕಾಲುವೆ ನೀರು, ಮಿಲ್ಲಿನ ದರ, ಮಳೆ ಏನೇನೋ ಕೈ ಹಾಕುತ್ತವೆ. ಆಟದಲ್ಲಿ ಮಾಡಿದ್ದಕ್ಕೆ ನಾಳೆ ಬೆಳಗ್ಗೆಯೇ ಮೊಳಕೆ ಕಾಣುತ್ತದೆ. ಮಲಗುವ ಮುಂಚೆ ‘ಇನ್ನೊಂದು ದಿನ’ ಎನ್ನಿಸುವ ಆ ಎಣಿಕೆಯನ್ನು ಬ್ಯಾರೋನ್ ಕೂತು ಕೂತು ಹದ ಮಾಡಿದ. ಸಾವಿರ ಜನ ಸೇರಿದ್ದರೂ ಆ ಹದ ತಾನಾಗಿ ಬರುತ್ತಿತ್ತು ಎಂದು ನನಗೆ ಅನಿಸುವುದಿಲ್ಲ.

ಬೇರೆಯವು ಬೇಕೆಂದರೆ: ‘ಟೆಟ್ರಿಸ್’ 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ಆಫೀಸಿನ ಕಂಪ್ಯೂಟರಿನಲ್ಲಿ ಮಾಡಿದ್ದು. ‘ಅಂಡರ್‌ಟೇಲ್’ಗೆ ಟೋಬಿ ಫಾಕ್ಸ್ ಜನರಿಂದ ಎತ್ತಿದ್ದು 51 ಸಾವಿರ ಡಾಲರ್ ಮಾತ್ರ. ‘ಬಲಾಟ್ರೋ’ ಇಸ್ಪೀಟಿನ ಪೋಕರ್ ಕೈಗಳ ಮೇಲೆ ಒಬ್ಬನೇ ಮಾಡಿದ ಗೇಮ್, 2024ರಲ್ಲಿ ಬಂತು. ಒಂದು ವರ್ಷದೊಳಗೆ 50 ಲಕ್ಷ ಮಾರಾಟ. ಅದರಲ್ಲಿ ನಿಜವಾದ ದುಡ್ಡಿನ ಜೂಜು ಇಲ್ಲ. ಇಸ್ಪೀಟು ಕಂಡ ಕೂಡಲೇ ಕಿವಿ ಹಿಂಡುವ ತಂದೆ ತಾಯಿಗಳಿಗೆ ಇದನ್ನು ಬೇರೆಯಾಗಿ ಹೇಳಬೇಕಾಗುತ್ತದೆ.

ರೊಕ್ಕ ಸುರಿದೂ ಮಕಾಡೆ ಬಿದ್ದದ್ದು?

‘ಕಾನ್ಕಾರ್ಡ್’. ಸೋನಿಯದು. 2024ರ ಆಗಸ್ಟ್ 23ರಂದು ಬಂತು, ಸೆಪ್ಟೆಂಬರ್ 6ರಂದು ಸರ್ವರ್ ಬಂದ್. ಎರಡು ವಾರ! ಕೊಂಡವರಿಗೆಲ್ಲ ದುಡ್ಡು ವಾಪಸ್, ಅಕ್ಟೋಬರಿನಲ್ಲಿ ಮಾಡಿದ ಸ್ಟುಡಿಯೋಗೂ ಬೀಗ. ಗುಂಡು ಹಾರಿಸುವುದು, ಓಡುವುದು ಎಲ್ಲ ನೆಟ್ಟಗೇ ಇತ್ತು ಎಂದು ಆಡಿದವರೇ ಹೇಳಿದರು. ಆದರೆ ಅಂಥದೇ ಆಟಗಳು ಫ್ರೀ ಸಿಗುವಾಗ 40 ಡಾಲರ್ ಕೊಟ್ಟು ಇದನ್ನೇ ಏಕೆ ಆಡಬೇಕು ಎಂಬ ಪ್ರಶ್ನೆಗೆ ಅದರ ಹತ್ತಿರ ಉತ್ತರ ಇರಲಿಲ್ಲ.

ನನಗೆ ಇದಕ್ಕಿಂತ ರುಚಿಯಾದ ಕಥೆ 1982ರ ‘ಇ.ಟಿ.’ ಗೇಮಿನದು. ಅಟಾರಿ ಕಂಪನಿ ‘ಇ.ಟಿ.’ ಸಿನಿಮಾದ ಹೆಸರಿನ ಹಕ್ಕಿಗೇ ಕೋಟ್ಯಂತರ ಡಾಲರ್ ಕೊಟ್ಟಿತು. ಕ್ರಿಸ್‌ಮಸ್‌ಗೆ ಅಂಗಡಿಗೆ ಬರಬೇಕಿತ್ತು, ಮಾತುಕತೆ ಎಳೆದು ಎಳೆದು ತಡವಾಗಿತ್ತು. ಕೊನೆಗೆ ಹೊವರ್ಡ್ ಸ್ಕಾಟ್ ವಾರ್‌ಶಾ ಎಂಬ ಪ್ರೋಗ್ರಾಮರ್‌ಗೆ ಸಿಕ್ಕಿದ್ದು ಐದೇ ವಾರ. ಆಟದಲ್ಲಿ ಹೆಜ್ಜೆಗೊಂದು ಗುಂಡಿ, ಬಿದ್ದರೆ ಮೇಲೇರುವುದೇ ಒಂದು ಶಿಕ್ಷೆ. ಉಳಿದ ಕ್ಯಾಸೆಟ್‌ಗಳನ್ನು 1983ರಲ್ಲಿ ನ್ಯೂ ಮೆಕ್ಸಿಕೋದ ಮರುಭೂಮಿಯ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಗೆದು ನೋಡಿದಾಗ ಸಿಕ್ಕವು ಕೂಡ. ರೊಕ್ಕಕ್ಕೇನೂ ಕೊರತೆ ಇರಲಿಲ್ಲ, ಎಲ್ಲ ಹೆಸರಿಗೆ ಹೋಗಿ ಆಟಕ್ಕೆ ಐದು ವಾರ ಉಳಿಯಿತು, ಅಷ್ಟೇ.

‘ಸೈಬರ್‌ಪಂಕ್ 2077’ ಬೇರೆ ಥರ. 2020ರ ಡಿಸೆಂಬರ್ 10ಕ್ಕೆ ಅರೆಬೆಂದದ್ದನ್ನು ಬಡಿಸಿದರು. ಒಂದೇ ವಾರದಲ್ಲಿ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು, ಮರುವರ್ಷ ಜೂನಿನಲ್ಲಿ ವಾಪಸ್ ಬಂತು. ವರ್ಷಗಟ್ಟಲೆ ರಿಪೇರಿ ಮಾಡಿದರು, ಇವತ್ತು ಚಲೋ ಗೇಮ್. ಅಷ್ಟು ವರ್ಷ ರಿಪೇರಿ ಮಾಡುತ್ತ ಕೂರಲು ರೊಕ್ಕ ಬೇಕು. ಸಣ್ಣ ಸ್ಟುಡಿಯೋ ಆಗಿದ್ದರೆ ಆ ಡಿಸೆಂಬರಿನಲ್ಲೇ ಕಥೆ ಮುಗಿಯುತ್ತಿತ್ತು.

ಹಂಗಾರ ಮಜಾ ಅಂದ್ರ ಎಲ್ಲಿ ಇರತೈತಿ?

ಹೆಬ್ಬೆರಳಿನಲ್ಲಿ.

ತಮಾಷೆಯಲ್ಲ. ಬಟನ್ ಒತ್ತಿದ್ದಕ್ಕೂ ಪರದೆಯ ಮೇಲೆ ಏನೋ ಆಗುವುದಕ್ಕೂ ನಡುವೆ ಒಂದು ಕ್ಷಣ ಇದೆಯಲ್ಲ, ಅರ್ಧ ಮಜಾ ಅಲ್ಲಿದೆ. ಚಿಣ್ಣಿದಾಂಡು ಆಡಿದವರಿಗೆ ಗೊತ್ತು, ಚಿಣ್ಣಿಯ ತುದಿಗೆ ದಾಂಡು ತಾಗಿ ಅದು ಎದ್ದ ಆ ‘ಟಕ್’ ಕೈಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಚಿಣ್ಣಿಯನ್ನು ಬೆಳ್ಳಿಯಲ್ಲಿ ಮಾಡಿಸಿದರೂ ಅಷ್ಟೇ.

‘ಸೆಲೆಸ್ಟ್’ ಎಂಬ ಬೆಟ್ಟ ಹತ್ತುವ ಗೇಮ್ ಇದೆ. ಮೊದಲು ನಾಲ್ಕು ದಿನದಲ್ಲಿ ಮಾಡಿದ ಪುಟ್ಟ ಆಟ, ಅದನ್ನೇ ಬೆಳೆಸಿ 2018ರಲ್ಲಿ ಪೂರ್ತಿ ಗೇಮ್ ಮಾಡಿದರು. ಅದರಲ್ಲಿ ಒಂದು ಗುಟ್ಟು: ಬಂಡೆಯ ಅಂಚು ದಾಟಿ ಕಾಲು ಗಾಳಿಯಲ್ಲಿದ್ದರೂ ಕಣ್ಣು ಮಿಟುಕಿಸುವಷ್ಟು ಹೊತ್ತು ಜಿಗಿಯಲು ಬಿಡುತ್ತದೆ. ಆಡುವವನಿಗೆ ಇದು ಗೊತ್ತೇ ಆಗುವುದಿಲ್ಲ. ತಾನು ಸರಿಯಾಗಿಯೇ ಜಿಗಿದೆ ಎಂದುಕೊಳ್ಳುತ್ತಾನೆ. ನೆಲ ಮುಟ್ಟುವ ಒಂದು ಚೂರು ಮುಂಚೆ ಬಟನ್ ಒತ್ತಿದರೂ ನೆನಪಿಟ್ಟುಕೊಂಡು ಜಿಗಿಸುತ್ತದೆ. ಬಹಳ ಕಷ್ಟದ ಗೇಮ್ ಅದು, ನೂರು ಸಲ ಸಾಯಬೇಕು. ಆದರೂ ಹುಡುಗರು ಕಂಟ್ರೋಲರ್ ಒಗೆಯುವುದಿಲ್ಲ, ತಪ್ಪು ತಮ್ಮದೇ ಎನ್ನಿಸುತ್ತದೆ. ಈ ಕೆಲಸಕ್ಕೆ ಬೇಕಾದದ್ದು ಆಡಿ ಆಡಿ ನೋಡುವ ತಾಳ್ಮೆ ಮತ್ತು ಕೋಡಿನ ಕೆಲವು ಸಾಲು.

ಇನ್ನರ್ಧ ಮಜಾ ಎದುರಿಗೆ ಕೂತವನಲ್ಲಿ. ಹಂಪಿಗೆ ಹೋದಾಗ ಗುಡಿ ಮಂಟಪಗಳ ನೆಲ ನೋಡಿರಿ, ಕಲ್ಲಿನ ಮೇಲೆ ಆಟದ ಗೆರೆ ಕೊರೆದಿರುವುದು ಸಿಗುತ್ತದೆ. ಆಡು-ಹುಲಿ ಆಟಕ್ಕೆ ಮೂರು ಹುಲಿ, ಹದಿನೈದು ಆಡು, ಎಲ್ಲವೂ ಬೆಣಚುಕಲ್ಲು. ಹುಲಿಯ ಹತ್ತಿರ ಬಲ ಇದೆ, ಆಡಿನ ಹತ್ತಿರ ಸಂಖ್ಯೆ ಇದೆ, ಇಬ್ಬರೂ ಗೆಲ್ಲಬಹುದು. ಆನ್‌ಲೈನ್ ಗೇಮ್ ಮಾಡುವವರು ‘ಬ್ಯಾಲೆನ್ಸ್’ ಎಂದು ವರ್ಷಕ್ಕೆ ನಾಲ್ಕು ಪ್ಯಾಚ್ (ತಿದ್ದುಪಡಿ) ಬಿಡುತ್ತಾರಲ್ಲ, ಅದೇ ತೊಂದರೆಯನ್ನು ಇಲ್ಲಿ ಯಾರೋ ಗೆರೆ ಎಳೆದು ಬಗೆಹರಿಸಿದ್ದರು.

ಕರೆಂಟ್ ಹೋದಾಗ ಇದನ್ನು ನಮ್ಮಲ್ಲೇ ನೋಡಬಹುದು. ಯುಪಿಎಸ್ ಕೂಗಲು ಶುರುವಾದ ಎರಡನೇ ನಿಮಿಷಕ್ಕೆ ನಾಲ್ವರು ಒಂದೇ ಫೋನಿನ ಮೇಲೆ ಬಗ್ಗಿ ಲೂಡೋ ಹಚ್ಚಿರುತ್ತಾರೆ, ಪಿಸಿಯಲ್ಲಿ ಬಂದದ್ದಕ್ಕಿಂತ ದೊಡ್ಡ ಜಗಳ ಅಲ್ಲಿ ಬರುತ್ತದೆ.

ಗ್ರಾಫಿಕ್ಸ್ ಬ್ಯಾಡ ಅಂತೀರೇನು?

ಬೇಕು. ಆದರೆ ‘ಚಲೋ ಕಾಣುವುದು’ ಮತ್ತು ‘ನಿಜದಂತೆ ಕಾಣುವುದು’ ಒಂದೇ ಅಲ್ಲ.

ನಮ್ಮ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಗಲುಗೊಂಬೆ ಆಟಕ್ಕೆ. ಚಪ್ಪಟೆ ತೊಗಲು, ಬಣ್ಣ, ಒಂದು ಬಿಳಿ ಪರದೆ, ಹಿಂದೆ ಒಂದು ದೀಪ. ಆದರೂ ಗೊಂಬೆ ಪರದೆಗೆ ಬಂದ ಕೂಡಲೇ ಅದರ ಆಕಾರ, ನಡಿಗೆ ನೋಡಿಯೇ ಬಂದವನು ರಾಮನೋ ರಾವಣನೋ ಎಂದು ಗೊತ್ತಾಗುತ್ತದೆ. ಗೇಮಿನ ಚಿತ್ರಕ್ಕೂ ಮೊದಲ ಕೆಲಸ ಅದೇ, ಯಾರು, ಎಲ್ಲಿ, ಯಾವ ಕಡೆಯಿಂದ ಅಪಾಯ ಎಂದು ತಡವಿಲ್ಲದೆ ತಿಳಿಸುವುದು. ‘ಮೈನ್‌ಕ್ರಾಫ್ಟ್’ ಬರೀ ಡಬ್ಬಿಗಳ ಲೋಕ. 2023ರ ಹೊತ್ತಿಗೆ 30 ಕೋಟಿ ಪ್ರತಿ ಮಾರಾಟವಾಗಿತ್ತು.

ಹಾಗೆಂದು ‘ರೆಡ್ ಡೆಡ್ ರಿಡೆಂಪ್ಶನ್ 2’ರಲ್ಲಿ ಮಂಜಿನ ಬೆಳಗ್ಗೆ ಕುದುರೆ ಮೇಲೆ ಹೋಗುವಾಗ ಸಿಗುವ ಖುಷಿ ಸುಳ್ಳು ಎನ್ನಲಾರೆ. ಏಪ್ರಿಲ್ ಮಧ್ಯಾಹ್ನ, ಹೊರಗೆ ಡಾಂಬರು ಕರಗುವ ಬಿಸಿಲು, ಒಬ್ಬ ಹುಡುಗ ಮಿಷನ್ ಏನೂ ಮಾಡದೆ ಒಂದು ಗಂಟೆ ಬರೀ ಆ ಹಿಮದಲ್ಲಿ ತಿರುಗಾಡಿ 50 ರೂಪಾಯಿ ಕೊಟ್ಟು ಹೋದ. ಆ ಹಿಮ ಕೋಟಿಗಟ್ಟಲೆ ರೊಕ್ಕದ್ದೇ.

ಹಂಗಾದ್ರ ದೊಡ್ಡ ರೊಕ್ಕ ಬೇಕೇ ಬೇಕಾಗೋದು ಯಾವುದಕ್ಕ?

ಊರಗಲದ ಲೋಕ ಕಟ್ಟಲು. ಫುಟ್‌ಬಾಲ್ ಗೇಮಿನಲ್ಲಿ ನಿಜವಾದ ಆಟಗಾರರ ಹೆಸರು, ಮುಖ, ಜರ್ಸಿ ಇಡಲು. ಇದನ್ನು ಹಗುರವಾಗಿ ನೋಡಬೇಡಿ, ನಮ್ಮಲ್ಲಿ ಹೆಸರು ಬದಲಾದ ಟೀಮ್ ಕಂಡರೆ ಹುಡುಗರು ಮುಟ್ಟುವುದೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಆನ್‌ಲೈನ್ ಗೇಮಿಗೆ ಬೇಕು, ಹತ್ತಿರದಲ್ಲಿ ಸರ್ವರ್, ಕಳ್ಳಾಟ ಹಿಡಿಯುವವರು. ಸರ್ವರ್ ದೇಶದೊಳಗೆ ಇದ್ದರೆ ನಮ್ಮೂರಿನಿಂದಲೂ ಪಿಂಗ್, ಅಂದರೆ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಹೊತ್ತು, ತಕ್ಕಮಟ್ಟಿಗೆ ಚಲೋ ಬರುತ್ತದೆ. ಸಮುದ್ರದಾಚೆ ಇದ್ದರೆ ನೀನು ಗುಂಡು ಹೊಡೆಯುವ ಮೊದಲೇ ನೀನು ಸತ್ತಿರುತ್ತೀಯ.

ಜನ ಬೇಕು ಎನ್ನುವುದು ಇನ್ನೊಂದು. ‘ಅಮಂಗ್ ಅಸ್’ 2018ರಲ್ಲೇ ಬಂದಿತ್ತು, ಮೂರು ಜನ ಮಾಡಿದ್ದು. ಕೇಳುವವರಿರಲಿಲ್ಲ. 2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಾಗ ಅದೇ ಗೇಮ್ ಲೋಕವೆಲ್ಲ ಆಡಿತು. ಎರಡು ವರ್ಷದಲ್ಲಿ ಒಂದೆರಡು ಹೊಸ ಮ್ಯಾಪ್ ಬಂದದ್ದು ಬಿಟ್ಟರೆ ಮೂಲ ಆಟವೇನೂ ಬೇರೆಯಾಗಿರಲಿಲ್ಲ.

ಫ್ರೀ ಗೇಮ್ ಇದ್ದಾಗ ರೊಕ್ಕದ ಮಾತು ಯಾಕ ಸರ್? (ಇದು ಹೆಚ್ಚಾಗಿ ತಂದೆಯರು ಕೇಳುವುದು)

ಫ್ರೀ ಎಂದರೆ ಬಾಗಿಲು ಫ್ರೀ. ಒಳಗೆ ಸ್ಕಿನ್ (ಆಟದೊಳಗಿನ ವೇಷ), ಡೈಮಂಡು, ಯುಸಿ (ಆಟದೊಳಗಿನ ನಾಣ್ಯ). ಆ ಗೇಮುಗಳ ಬಜೆಟ್ ಸಣ್ಣದಲ್ಲ ಸರ್, ಅದು ಕೊನೆಗೆ ನಿಮ್ಮ ಯುಪಿಐನಿಂದ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ರಮ್ಮಿ ಥರದವು ಬೇರೆ. ಅವನ್ನು 2025ರ ಆಗಸ್ಟಿನ ಕೇಂದ್ರ ಕಾಯ್ದೆ ನಿಷೇಧಿಸಿದೆ, ನಮ್ಮಲ್ಲಿ ಅವು ಮೊದಲೂ ಇರಲಿಲ್ಲ.

ಹಂಗಾರ ಸಣ್ಣ ಗೇಮ್ ಎಲ್ಲ ಚಲೋ, ದೊಡ್ಡವೆಲ್ಲ ಬರೀ ಬಿಲ್ಡಪ್?

ಅಲ್ಲವೇ ಅಲ್ಲ. ನಾನು ಮೇಲೆ ಹೇಳಿದ್ದು ಗೆದ್ದವರ ಕಥೆ. 2024 ಒಂದೇ ವರ್ಷದಲ್ಲಿ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 18 ಸಾವಿರಕ್ಕೂ ಹೆಚ್ಚು ಗೇಮ್ ಬಂದಿವೆ, ಒಂದು ಗೇಮ್ ಹಾಕಲು 100 ಡಾಲರ್ ಕಟ್ಟಿದರೆ ಸಾಕು. ಅವುಗಳಲ್ಲಿ ಬಹಳಷ್ಟನ್ನು ಮಾಡಿದವನ ಗೆಳೆಯರೂ ಪೂರ್ತಿ ಆಡಿರಲಿಕ್ಕಿಲ್ಲ. ಬಡತನದಿಂದಲೇ ಆಟಕ್ಕೆ ರುಚಿ ಬರುವುದಿಲ್ಲ.

ನಡುವೆಯೂ ಒಂದು ದಾರಿ ಇದೆ. ಫ್ರಾನ್ಸಿನ ಒಂದು ಸ್ಟುಡಿಯೋದ ಸುಮಾರು 30 ಜನ, ಹೊರಗಿನವರ ನೆರವು ಪಡೆದು ಮಾಡಿದ ‘ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33’ 2025ರಲ್ಲಿ ದೊಡ್ಡ ದೊಡ್ಡವರನ್ನು ಹಿಂದೆ ಹಾಕಿ ವರ್ಷದ ಗೇಮ್ ಎನ್ನಿಸಿಕೊಂಡಿತು.

ಐದು ಸಾವಿರ ಕೊಟ್ಟು ಹೊಸ ಗೇಮ್ ತಗೋಬೇಕಾ?

ನಿನ್ನ ಸ್ವಂತ ದುಡಿಮೆಯ ರೊಕ್ಕವಾದರೆ ನನ್ನನ್ನು ಕೇಳಬೇಡ. ಅಪ್ಪನದಾದರೆ ಆರು ತಿಂಗಳು ತಡಿ, ಬೆಲೆ ಇಳಿಯುತ್ತದೆ, ದೋಷವೂ ಇಳಿದಿರುತ್ತದೆ. ಪಿಸಿಯಲ್ಲಾದರೆ ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಯೊಳಗಿದ್ದರೆ ವಾಪಸ್ ಕೊಡಬಹುದು. ಆ ಎರಡು ಗಂಟೆಯಲ್ಲಿ ಕಥೆಯ ವಿಡಿಯೋ ನೋಡುತ್ತ ಕೂರಬೇಡ, ಓಡು, ಜಿಗಿ, ಹೊಡಿ. ಕೈಗೆ ಹಿತ ಅನ್ನಿಸದಿದ್ದರೆ ವಾಪಸ್ ಕೊಡು.

ನನ್ನ ಲ್ಯಾಪ್‌ಟಾಪ್ ಹಳೇದು, 4 ಜಿಬಿ ರ‍್ಯಾಮ್.

ಸ್ಟಾರ್‌ಡ್ಯೂ, ಸೆಲೆಸ್ಟ್, ಅಂಡರ್‌ಟೇಲ್ ಆರಾಮ ಓಡುತ್ತವೆ.

ನಾವೂ ಮಾಡಬಹುದಾ ಅಣ್ಣಾ?

ಸಾಧನಕ್ಕೆ ರೊಕ್ಕ ಬೇಡ. ‘ಗೋಡೋ’ ಎಂಬ ಎಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್, ಪೂರ್ತಿ ಉಚಿತ, ಗೆದ್ದರೂ ಪಾಲು ಕೇಳುವುದಿಲ್ಲ. ಪುಣೆಯ ಒಂದು ಸಣ್ಣ ತಂಡ ‘ರಾಜಿ’ ಎಂಬ ಗೇಮ್ ಮಾಡಲು ಹೊರಟಾಗ 2017ರಲ್ಲಿ ಜನರಿಂದ ಎತ್ತಬೇಕೆಂದ ಹಣ ಸಿಗಲಿಲ್ಲ, ಆದರೂ 2020ರಲ್ಲಿ ಗೇಮ್ ಹೊರಗೆ ತಂದರು. ಬೇಕಾಗುವುದು ಹೊತ್ತು. ಆ ಹೊತ್ತಿನಲ್ಲಿ ಮನೆಯ ಊಟ ಯಾರು ಹಾಕುತ್ತಾರೆ ಎನ್ನುವುದೇ ನಿಜವಾದ ಬಜೆಟ್.

ನಮ್ಮಲ್ಲಿಗೆ ಬರುವ ಒಬ್ಬ ಡಿಪ್ಲೊಮಾ ಹುಡುಗ ಒಂದು ಗೇಮ್ ಮಾಡಿದ. ಆನೆಗೊಂದಿಯಿಂದ ತಳವಾರಘಟ್ಟಕ್ಕೆ ಹರಿಗೋಲಿನಲ್ಲಿ ಹೊಳೆ ದಾಟಿಸುವುದು. ಎರಡು ತಿಂಗಳು ಹಿಂದಿನ ಬೆಟ್ಟ, ಬಂಡೆ, ಬಾಳೆತೋಟ ಬರೆಯುತ್ತ ಕೂತ. ಭಾಳ ಚಂದ ಇತ್ತು. ಆದರೆ ಹರಿಗೋಲು ಆಟೋದಂತೆ ನೆಟ್ಟಗೆ ಹೋಗುತ್ತಿತ್ತು. ಹುಡುಗರು ಒಂದೊಂದು ಸಲ ಆಡಿ ಎದ್ದರು. “ನೀನು ಹರಿಗೋಲಿನ್ಯಾಗ ಕುಂತೀಯೇನಪಾ?” ಎಂದು ಕೇಳಿದೆ. ಸಿಟ್ಟಾಗಿ ಹೋದ. ಒಂದು ವಾರ ಬಿಟ್ಟು ತಂದದ್ದರಲ್ಲಿ ಹರಿಗೋಲು ತಿರುಗುತ್ತಿತ್ತು. ಹುಟ್ಟು ಒಂದೇ ಕಡೆ ಹಾಕಿದರೆ ಗಿರಕಿ, ನಡುಹೊಳೆಯಲ್ಲಿ ಸೆಳೆತ ಎಳೆಯುತ್ತದೆ, ಒಳಗೆ ಕೂತ ಮೇಕೆ ಗಾಬರಿಯಾಗಿ ಒಂದು ಬದಿಗೆ ಸರಿದರೆ ಎಲ್ಲರೂ ನೀರಿಗೆ. ಅವತ್ತು ರಾತ್ರಿ ಷಟರ್ ಎಳೆಯಲು ಹತ್ತೂವರೆ ಆಯಿತು.

ಎರಡು ತಿಂಗಳ ಬೆಟ್ಟ ವ್ಯರ್ಥ ಎಂದು ನಾನು ಅವನಿಗೆ ಹೇಳುವವನಿದ್ದೆ. ಅಷ್ಟರಲ್ಲಿ ಮೂರನೇ ಸಲ ಮುಳುಗಿದ ಒಬ್ಬ ಪರದೆಗೆ ಬೆರಳಿಟ್ಟು, “ಲೇ, ಇದು ನಮ್ಮ ಅಂಜನಾದ್ರಿ ಐತಲ್ಲೋ!” ಎಂದ. ಸುಮ್ಮನಾದೆ.

ಆ ಹರಿಗೋಲಿನ ಗೇಮ್ ಎಲ್ಲಿ ಡೌನ್‌ಲೋಡ್ ಮಾಡೋದು?

ಇನ್ನೂ ಎಲ್ಲೂ ಹಾಕಿಲ್ಲ. ಮೇಕೆ ಒಮ್ಮೊಮ್ಮೆ ಆಕಾಶಕ್ಕೆ ಹಾರಿ ಹೋಗುತ್ತದೆ, ಅದು ಸರಿಯಾಗಬೇಕಂತೆ. ಅಲ್ಲಿಯವರೆಗೆ ಆರನೇ ನಂಬರಿನ ಪಿಸಿಯಲ್ಲಿ ಇದೆ. ಅದಕ್ಕೆ ರೊಕ್ಕ ತಗೊಳ್ಳುವುದಿಲ್ಲ, ಆದರೆ ಭಾನುವಾರ ಪಾಳಿ ಹಚ್ಚಬೇಕಾಗುತ್ತದೆ.